ಪಾಪ ಅನ್ನಿಸದ ಹಾಗೆ ಥ್ಯಾಂಕ್ಸ್ ಹೇಳೋದು

ಪ್ರಶ್ನೆ: ಅಂಗವಿಕಲ ಮಕ್ಕಳಿಗಾಗಿ ಇರುವ ಕ್ರೈಸ್ತ ಶಾಲೆಯೊಂದರಲ್ಲಿ ನಾನು ಶಿಕ್ಷಕಿ. ನೆರವಾಗುವವರಿಗೆ ಪ್ರತಿವರ್ಷ ನಾವು ಕೃತಜ್ಞತೆಯ ಪತ್ರ ಕಳಿಸುತ್ತೇವೆ. ಕಳೆದ ಸಲ ಅದರಲ್ಲಿ ಗಾಲಿಕುರ್ಚಿಯಲ್ಲಿ ಕೂತ ಹುಡುಗನೊಬ್ಬನ ಫೋಟೋ ಹಾಕಿದ್ದೆವು. ಅವನು ನೋಡಿ, "ಟೀಚರ್, ಇದರಲ್ಲಿ ನಾನು ಯಾಕೆ ಇಷ್ಟು ಪಾಪದವನ ಹಾಗೆ ಕಾಣ್ತೀನಿ?" ಎಂದು ಕೇಳಿದ. ಈ ವರ್ಷದ ಪತ್ರ ಬರೆಯಲು ಕೈಯೇ ಓಡುತ್ತಿಲ್ಲ. ಹೇಗೆ ಬರೆಯಲಿ?

ಉತ್ತರ: ಟೀಚರ್, ನಿಮ್ಮ ಪತ್ರ ಎರಡು ದಿನದಿಂದ ನನ್ನ ಮೇಜಿನ ಮೇಲೇ ಇದೆ. ಆ ಹುಡುಗ ಕೇಳಿದ್ದು ಸರಿಯಾಗಿಯೇ ಇದೆ.

ಪಾಪ ಅನ್ನುವ ಮಾತಿಗೆ ನಮ್ಮಲ್ಲಿ ಎರಡು ಅರ್ಥ, ಅಲ್ವಾ? ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಹುಟ್ಟು ಕುರುಡನೊಬ್ಬನನ್ನು ಕಂಡು, ಪಾಪ ಮಾಡಿದ್ದು ಇವನೋ ಇವನ ಹೆತ್ತವರೋ ಎಂದು ಶಿಷ್ಯರು ಕೇಳುತ್ತಾರೆ. ಇವನೂ ಅಲ್ಲ, ಹೆತ್ತವರೂ ಅಲ್ಲ ಎನ್ನುತ್ತಾನೆ ಯೇಸು. ಆ ಪಾಪವನ್ನು ನಿಮ್ಮಂಥ ಶಾಲೆಗಳು ಬಾಗಿಲ ಹೊರಗೇ ಬಿಟ್ಟಿವೆ. "ಅಯ್ಯೋ ಪಾಪ" ಅನ್ನುವ ಇನ್ನೊಂದು ಪಾಪ ಮಾತ್ರ ಕ್ಯಾಮೆರಾದ ಜೊತೆ ಒಳಗೆ ಬಂದುಬಿಡುತ್ತದೆ.

ಹಾಗಂತ ಥ್ಯಾಂಕ್ಸ್ ಹೇಳುವುದನ್ನು ನಿಲ್ಲಿಸಬೇಡಿ. ಆದರೆ ಅದನ್ನು ದೊಡ್ಡವರು ಹೇಳಲಿ, ಮಗುವಿನ ಮುಖದಿಂದ ಹೇಳಿಸುವುದು ಬೇಡ. ಓದು ಅವನ ಹಕ್ಕು. 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಪ್ಪಂದದ 24ನೇ ವಿಧಿ ಹೇಳುವುದೂ ಇದನ್ನೇ. ಹಕ್ಕಿನಿಂದ ಸಿಗಬೇಕಾದದ್ದಕ್ಕೆ ಅವನು ತಲೆ ತಗ್ಗಿಸಿ ನಿಲ್ಲುವುದು ಯಾಕೆ? ಆ ಹಕ್ಕು ಕಾಗದದಲ್ಲೇ ಉಳಿಯದ ಹಾಗೆ ಹೆಗಲು ಕೊಟ್ಟವರಿಗೆ ನೀವು, ನಾವು ಋಣಿಗಳು.

ಹಾಗಾದರೆ ಪತ್ರದಲ್ಲಿ ಏನಿರಬೇಕು? ಅವರ ಹಣ ಏನಾಯಿತು ಅನ್ನುವುದು. ಕಿವಿ ಮೆಷಿನ್‌ನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಒಂದು ಸಲ ಕೊಡಿಸಿದರೆ ಮುಗಿಯಿತು ಅಂತ ತುಂಬ ಜನ ಅಂದುಕೊಂಡಿರುತ್ತಾರೆ. ಮಗು ಬೆಳೆದ ಹಾಗೆ ಕಿವಿಯೂ ಬೆಳೆಯುತ್ತದೆ. ಒಳಗೆ ಕೂರುವ ಮೆತ್ತನೆಯ ಅಚ್ಚು ಸಡಿಲವಾಗುತ್ತದೆ, ಮೆಷಿನ್ ಕುಂಯ್ ಎಂದು ಕೂಗಲು ಶುರುಮಾಡುತ್ತದೆ. ಪಕ್ಕದವರು ತಿರುಗಿ ನೋಡುತ್ತಾರೆ. ಮಗು ಅದನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತದೆ. ಅಲ್ಲಿಗೆ ಅವತ್ತಿನ ಪಾಠ ಹೋಯಿತು. ಮತ್ತೆ ಅಳತೆ ತೆಗೆಯಬೇಕು, ಹೊಸ ಅಚ್ಚು ಮಾಡಿಸಬೇಕು. ಬ್ಯಾಟರಿ ಖರ್ಚು ಬೇರೆ. ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್, ಗಾಲಿಕುರ್ಚಿಗಳ ಕಥೆಯೂ ಇದೇ. ಹೊಸ ಕಟ್ಟಡಕ್ಕೆ ಕೊಡುವವರು ಸಿಗಬಹುದು, ಗೋಡೆಯ ಮೇಲೆ ಹೆಸರು ಬರುತ್ತದಲ್ಲ. ಕಿವಿಯ ಅಚ್ಚಿನ ಮೇಲೆ ಯಾರ ಹೆಸರೂ ಬರುವುದಿಲ್ಲ. ಆದರೂ ತಿಂಗಳು ತಿಂಗಳು ಇದಕ್ಕಾಗಿಯೇ ಕಳಿಸುವವರು ಇದ್ದಾರೆ. ನನಗೆ ಅವರ ಮೇಲೆ ಜಾಸ್ತಿ ಪ್ರೀತಿ. ಅವರಿಗೆ ಈ ಅಚ್ಚಿನ ಕಥೆಯನ್ನೇ ಬರೆಯಿರಿ. ಪರೀಕ್ಷೆಯಲ್ಲಿ ಪಕ್ಕ ಕೂತು ಉತ್ತರ ಬರೆದುಕೊಟ್ಟವರನ್ನೂ, ಪಾಠ ಓದಿ ರೆಕಾರ್ಡ್ ಮಾಡಿಕೊಟ್ಟವರನ್ನೂ, ಮಕ್ಕಳ ಹೆಸರು ಹಿಡಿದು ಪ್ರಾರ್ಥಿಸುವವರನ್ನೂ ಮರೆಯಬೇಡಿ.

ಲೂಯಿ ಬ್ರೈಲ್ ಹೆಸರು ಕೇಳದವರು ಕಡಿಮೆ. ಚಿಕ್ಕಂದಿನಲ್ಲೇ ಕಣ್ಣು ಕಳೆದುಕೊಂಡ ಆ ಹುಡುಗನಿಗೆ ಪಾಠ ಹೇಳಿದ್ದು ಹಳ್ಳಿಯ ಪಾದ್ರಿ. ಕಣ್ಣಿರುವ ಮಕ್ಕಳ ನಡುವೆ ಅವನನ್ನು ಕೂರಿಸಿಕೊಂಡದ್ದು ಹಳ್ಳಿಯ ಮೇಷ್ಟ್ರು. ಆಮೇಲೆ, 1819ರಲ್ಲಿ, ಹತ್ತು ವರ್ಷದವನಾಗಿ ಪ್ಯಾರಿಸ್ಸಿನ ಅಂಧರ ಶಾಲೆ ಸೇರಿದ. ಅವನ ಚುಕ್ಕಿ ಲಿಪಿ 1829ರಲ್ಲಿ ಪುಸ್ತಕವಾಗಿ ಬಂತು. ಇವತ್ತು ನಿಮ್ಮ ಶಾಲೆಯಲ್ಲೂ ಯಾವುದೋ ಮಗು ಹಾಳೆ ಸಿಕ್ಕಿಸಿದ ಬ್ರೈಲ್ ಸ್ಲೇಟಿನ ಮೇಲೆ ಬಲದಿಂದ ಎಡಕ್ಕೆ ಟಕ್ ಟಕ್ ಎಂದು ಚುಕ್ಕಿ ಒತ್ತಿ, ಹಾಳೆ ಮಗುಚಿ, ಎಡದಿಂದ ಬಲಕ್ಕೆ ಬೆರಳಾಡಿಸಿ ಓದುತ್ತಿರಬಹುದು. ಆ ಮೇಷ್ಟ್ರ ಹೆಸರು ಯಾರಿಗೆ ನೆನಪಿದೆ?

ಹೆಸರು ಹಾಕಬೇಡಿ ಅನ್ನುವ ದಾನಿಗಳು ನಿಮ್ಮಲ್ಲೂ ಇರುತ್ತಾರೆ. ಅವರಿಗಾಗಿ ಮಾರ್ಕನ ಸುವಾರ್ತೆಯ 2ನೇ ಅಧ್ಯಾಯ ಇದೆ. ನಡೆಯಲಾಗದ ಗೆಳೆಯನನ್ನು ನಾಲ್ವರು ಹಾಸಿಗೆ ಸಮೇತ ಹೊತ್ತು ತರುತ್ತಾರೆ. ಬಾಗಿಲಲ್ಲಿ ಜನವೋ ಜನ. ಸುಮ್ನೆ ವಾಪಸ್ ಹೋಗುವುದಿಲ್ಲ ಅವರು. ಚಾವಣಿ ಹತ್ತಿ, ಅದನ್ನು ಒಡೆದು, ಹಾಸಿಗೆಯನ್ನು ಒಳಗೆ ಇಳಿಸುತ್ತಾರೆ. ಯೇಸು "ಅವರ ನಂಬಿಕೆಯನ್ನು" ನೋಡಿದ ಎಂದು ಬರೆದಿದೆ. ಆ ನಾಲ್ವರ ಹೆಸರು ಎಲ್ಲೂ ಇಲ್ಲ. ಆಮೇಲೆ ಆ ಮನುಷ್ಯ ತನ್ನ ಹಾಸಿಗೆ ತಾನೇ ಎತ್ತಿಕೊಂಡು ಎಲ್ಲರ ಮುಂದೆ ಹೊರಗೆ ನಡೆದ. ಚಾವಣಿಯ ಮೇಲಿದ್ದವರಿಗೆ ಅದಕ್ಕಿಂತ ದೊಡ್ಡ ಥ್ಯಾಂಕ್ಸ್ ಇನ್ನೇನು ಬೇಕಿತ್ತು?

ಫೋಟೋ ಬೇಡ ಅಂತ ನಾನು ಹೇಳುವುದಿಲ್ಲ. ಈ ಸಲ ಮೊದಲು ಆ ಹುಡುಗನನ್ನೇ ಕೇಳಿ, ಯಾವುದು ಹಾಕೋಣ ಅಂತ. ಅವನು ಗೆಳೆಯರ ಜೊತೆ ನಗುತ್ತಿರುವ ಚಿತ್ರ ಆರಿಸಬಹುದು. ಹಾಕುವುದೇ ಬೇಡ ಅನ್ನಲೂಬಹುದು, ಆಗ ಬಿಟ್ಟುಬಿಡಿ. ಪತ್ರ ಸಿದ್ಧವಾದ ಮೇಲೆ ನಮಗೂ ಒಂದು ಪ್ರತಿ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಒಂದು ಪುಟ ನಿಮಗಾಗಿ ಬಿಟ್ಟಿರುತ್ತೇನೆ.