ಓದುಗರ ಪ್ರಶ್ನೆ: ಅಧೀಕ್ಷಕರೆಲ್ಲರ ಅಧಿಕಾರ ಒಂದೇ ಏನು?

ಪ್ರಶ್ನೆ: ಪ್ರಥಮ ದರ್ಜೆ ಸಹಾಯಕಿಯಾಗಿದ್ದ ನನ್ನ ಮಗಳಿಗೆ ಕಚೇರಿ ಅಧೀಕ್ಷಕಿಯಾಗಿ ಬಡ್ತಿ ಸಿಕ್ಕಿದೆ. ಪೊಲೀಸ್ ಇಲಾಖೆ, ಜೈಲು, ಆಸ್ಪತ್ರೆಗಳಲ್ಲೂ ಸೂಪರಿಂಟೆಂಡೆಂಟರಿದ್ದಾರೆ. ಇವರ ಅಧಿಕಾರ ಒಂದೇ ಏನು?
– ಓದುಗರೊಬ್ಬರು, ಹಾವೇರಿ

ಉತ್ತರ: ಖಂಡಿತ ಅಲ್ಲ. ಪೊಲೀಸ್ ವರಿಷ್ಠಾಧಿಕಾರಿ ಜಿಲ್ಲೆಯ ಪಡೆಗೇ ಮುಖ್ಯಸ್ಥರು. ಆಸ್ಪತ್ರೆಯ ವೈದ್ಯಕೀಯ ಅಧೀಕ್ಷಕರು ಸ್ವತಃ ವೈದ್ಯರು. ಎಸ್‌ಎಸ್‌ಎಲ್‌ಸಿ ಕೇಂದ್ರದ ಮುಖ್ಯ ಅಧೀಕ್ಷಕರ ಹೊಣೆ ಪರೀಕ್ಷೆಯ ಮಟ್ಟಿಗಷ್ಟೇ.

ನಿಮ್ಮ ಮಗಳದು ನಾನು ನಿವೃತ್ತನಾದ ಕುರ್ಚಿಯೇ; ಅದರ ಬಗ್ಗೆ ನನಗೆ ಬಹಳ ಗೌರವವಿದೆ. ವಿಷಯ ನಿರ್ವಾಹಕರು, ಅಂದರೆ ಆಯಾ ಕಡತ ನೋಡಿಕೊಳ್ಳುವ ಸಿಬ್ಬಂದಿ, ಬರೆದ ಟಿಪ್ಪಣಿಯನ್ನು ನಿಯಮ, ಸುತ್ತೋಲೆಗಳೊಂದಿಗೆ ತಾಳೆ ನೋಡಿ, ತನ್ನ ಅಭಿಪ್ರಾಯ ಸೇರಿಸಿ ಮೇಲಧಿಕಾರಿಗೆ ಮಂಡಿಸಬೇಕು. ಅಂತಿಮ ಆದೇಶ ಸಾಮಾನ್ಯವಾಗಿ ಅವಳದಲ್ಲ. ಆದರೆ ಕಡತ ಎಲ್ಲಿ ನಿಂತಿದೆ, ಏಕೆ ನಿಂತಿದೆ ಎಂಬುದು ಅವಳಿಗೆ ಗೊತ್ತಿರಲೇಬೇಕು. ಮಾಹಿತಿ ಹಕ್ಕು ಅರ್ಜಿಗೆ 30 ದಿನಗಳ ಗಡುವಿದೆ, ಸಕಾಲ ಸೇವೆಗಳಿಗೂ ನಿಗದಿತ ಅವಧಿಯಿದೆ. ಟಪಾಲು ಬಂದ ದಿನವೇ ಹಂಚಿಕೆಯಾಗದಿದ್ದರೆ ಇವೆಲ್ಲ ತಪ್ಪುತ್ತವೆ. ನಿನ್ನೆಯವರೆಗೆ ಪಕ್ಕದ ಮೇಜಿನಲ್ಲಿದ್ದ ಗೆಳತಿಯ ಟಿಪ್ಪಣಿಯನ್ನು ತಿದ್ದಿ ವಾಪಸು ಕಳುಹಿಸುವುದು ಕಷ್ಟ, ಆದರೂ ಕಳುಹಿಸಲೇಬೇಕು.

ಮೊದಲ ವಾರವೇ ಬಾಕಿ ಕಡತಗಳ ಪಟ್ಟಿ ಮಾಡಲಿ. ಅದರಲ್ಲಿ ಕುಟುಂಬ ಪಿಂಚಣಿಯ ಪ್ರಕರಣಗಳಿದ್ದರೆ ಅವನ್ನೇ ಮೊದಲು ಕೈಗೆತ್ತಿಕೊಳ್ಳಲಿ.