ದೊಡ್ಡ ಸ್ವಿಮ್‌ಬೈಟ್ ಎಸೆಯಲು ಎಂಥ ರಾಡ್ ತೆಗೆದುಕೊಳ್ಳಬೇಕು?

ನಿಮ್ಮ ಹತ್ತಿರ ಜಿಗ್‌ಗೆ (ತಲೆಗೆ ತೂಕ ಕೂಡಿಸಿದ ಕೊಕ್ಕೆ), ಕಪ್ಪೆ ಆಕಾರದ ಲ್ಯೂರ್‌ಗೆ (ಲ್ಯೂರ್ ಅಂದರೆ ಮೀನನ್ನು ಸೆಳೆಯುವ ಕೃತಕ ಆಮಿಷ) ಬಳಸುವ 7 ಅಡಿಯ ಹೆವಿ ರಾಡ್ ಇದೆ. ಈಗ 4 ಔನ್ಸ್‌ನ ಗ್ಲೈಡ್ ಬೈಟ್ (ಎಡಬಲಕ್ಕೆ ಜಾರುತ್ತಾ ಈಜುವ ಗಟ್ಟಿ ಲ್ಯೂರ್) ಒಂದು, 6 ಔನ್ಸ್‌ನ ಮೆತ್ತನೆಯ ಸ್ವಿಮ್‌ಬೈಟ್ (ಮೀನಿನಂತೆ ಈಜುವ ಲ್ಯೂರ್) ಒಂದು ಕೊಂಡಿದ್ದೀರಿ. ದೊಡ್ಡ ಬಾಸ್ ಮೀನು ಹಿಡಿಯಬೇಕು ಅನ್ನುವ ಆಸೆ. ಇರುವ ರಾಡ್ ಸಾಕಾ, ಇಲ್ಲ ಹೊಸದು ಬೇಕಾ, ಬೇಕಾದರೆ ಎಂಥದು ಅಂತ ಕೇಳಿದ್ದೀರಿ.

ಹೊಸದು ಬೇಕು. ಇರುವ ರಾಡ್‌ನಲ್ಲಿ ಆ 6 ಔನ್ಸ್‌ನದನ್ನು ದಯವಿಟ್ಟು ಎಸೆಯಬೇಡಿ.

ರಾಡ್‌ನ ಹಿಡಿಯ ಮೇಲ್ಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಲ್ಯೂರ್ ತೂಕ ಬರೆದಿರುತ್ತಾರೆ, ಒಮ್ಮೆ ನೋಡಿ. ಜಿಗ್‌ಗೆ ಅಂತ ಮಾಡಿದ ಹೆವಿ ರಾಡ್‌ಗಳಲ್ಲಿ ಮೇಲಿನ ಮಿತಿ ಸಾಮಾನ್ಯವಾಗಿ ಒಂದೂವರೆ ಔನ್ಸ್ ಆಸುಪಾಸು ಇರುತ್ತದೆ. ನಿಮ್ಮ 4 ಔನ್ಸ್ ಅಂದರೆ 113 ಗ್ರಾಂ, 6 ಔನ್ಸ್ ಅಂದರೆ 170 ಗ್ರಾಂ. ರಾಡ್ ಮುರಿದರೆ ದುಡ್ಡು ಹೋಗುತ್ತದೆ, ಅಷ್ಟೇ. ಎಸೆಯುವ ಅರ್ಧದಲ್ಲಿ ಲೈನ್ ಕಡಿದರೆ ಕೊಕ್ಕೆಗಳ ಸಮೇತ 170 ಗ್ರಾಂ ಹಾರಿ ಹೋಗುತ್ತದೆ. ಪಕ್ಕದಲ್ಲಿ ಯಾರಾದರೂ ನಿಂತಿದ್ದರೆ? ನನಗೆ ನಿಜವಾಗಿ ಭಯ ಇರುವುದು ಅದರ ಬಗ್ಗೆ.

ಇನ್ನು ಹೊಸ ರಾಡ್‌ನ ವಿಷಯ. "ಹೆವಿ", "ಎಕ್ಸ್‌ಟ್ರಾ ಹೆವಿ" ಅನ್ನುವ ಹೆಸರು ನೋಡಿ ಕೊಳ್ಳಬೇಡಿ. ಎಲ್ಲ ಕಂಪನಿಗಳೂ ಒಪ್ಪಿಕೊಂಡ ಅಳತೆ ಅಂತ ಇದಕ್ಕೆ ಇಲ್ಲ. ಒಬ್ಬರ ಹೆವಿ ಇನ್ನೊಬ್ಬರ ಎಕ್ಸ್‌ಟ್ರಾ ಹೆವಿಯಷ್ಟು ಗಟ್ಟಿ ಇರಬಹುದು. ಬರೆದಿರುವ ಲ್ಯೂರ್ ತೂಕವನ್ನೇ ನೋಡಿ. ಅದರಲ್ಲೂ 2ರಿಂದ 8 ಔನ್ಸ್ ಅಂತ ಇದ್ದರೆ ಎರಡೂ ತುದಿಗಳಲ್ಲಿ ರಾಡ್ ಒಂದೇ ಥರ ಕೆಲಸ ಮಾಡುತ್ತದೆ ಅಂತ ಅಲ್ಲ. 2 ಔನ್ಸ್ ಹಾಕಿದರೆ ಅದು ಬಾಗುವುದೇ ಕಷ್ಟ, 8 ಔನ್ಸ್ ಹಾಕಿದರೆ ಏದುಸಿರು ಬಿಡುತ್ತದೆ. ಚೆನ್ನಾಗಿ ಎಸೆಯಲು ಬರುವುದು ನಡುವಿನ ತೂಕ. ನೀವು ದಿನವಿಡೀ ಎಸೆಯುವ ಲ್ಯೂರ್ ಆ ನಡುವಿಗೆ ಬೀಳಬೇಕು, ಅಪರೂಪಕ್ಕೆ ಎಸೆಯುವ ದೊಡ್ಡದು ಮೇಲಿನ ಮಿತಿಯ ಒಳಗೇ ಇರಬೇಕು. ನಿಮ್ಮ ಎರಡಕ್ಕೂ ಸೇರಿ ಆ 2ರಿಂದ 8 ಔನ್ಸ್‌ನ ರಾಡೇ ಸರಿಹೋಗುತ್ತದೆ. ಡಬ್ಬಿಯ ಮೇಲಿನ ತೂಕ ನಂಬುವ ಮೊದಲು ಲ್ಯೂರ್‌ಗಳನ್ನು ಕೊಕ್ಕೆ ಸಮೇತ ತಕ್ಕಡಿಗೆ ಹಾಕಿ ನೋಡಿ. ಕೈಯಲ್ಲಿ ಮಾಡಿದ ಲ್ಯೂರ್‌ಗಳಲ್ಲಂತೂ ವ್ಯತ್ಯಾಸ ಇದ್ದೇ ಇರುತ್ತದೆ.

ತೂಕಕ್ಕಿಂತ ಜಾಸ್ತಿ ಯೋಚನೆ ಮಾಡಬೇಕಾದದ್ದು ರಾಡ್ ಹೇಗೆ ಬಾಗುತ್ತದೆ ಅನ್ನುವುದರ ಬಗ್ಗೆ. ಲ್ಯೂರ್ ಭಾರ, ಹಾಗಾದರೆ ರಾಡ್ ಸಲಾಕೆ ಥರ ಗಟ್ಟಿ ಇರಬೇಕು ಅಂತ ಅನ್ನಿಸುತ್ತದೆ ಅಲ್ವಾ? ನೀರಿನ ಮೇಲೆ ಅದು ತಿರುಗಾಮುರುಗಾ.

ಸಣ್ಣ ಲ್ಯೂರ್ ಎಸೆಯುವಾಗ ಮಣಿಕಟ್ಟು ಚಟ್ಟನೆ ತಿರುಗಿಸಿದರೆ ಸಾಕು. ದೊಡ್ಡದಕ್ಕೆ ಹಾಗೆ ಮಾಡುವಂತಿಲ್ಲ. ಎರಡೂ ಕೈಯಲ್ಲಿ ಹಿಡಿದು, ಲ್ಯೂರನ್ನು ತುದಿಯಿಂದ ಒಂದೆರಡು ಅಡಿ ಕೆಳಗೆ ತೂಗಬಿಟ್ಟು, ನಿಧಾನವಾಗಿ ಹಿಂದಕ್ಕೆ ಒಯ್ದು, ಒಂದೇ ವೇಗದಲ್ಲಿ ಮುಂದಕ್ಕೆ ಬೀಸಬೇಕು. ಆಗ ರಾಡ್ ತುದಿಯಿಂದ ನಡುವಿನವರೆಗೂ ಬಾಗಿ, ವಾಪಸ್ ನೆಟ್ಟಗಾಗುವಾಗ ಲ್ಯೂರನ್ನು ಕಳಿಸುತ್ತದೆ. ಗಟ್ಟಿ ರಾಡ್ ಬಾಗುವುದಿಲ್ಲ, ಹಾಗಾಗಿ ಎಲ್ಲ ಜರ್ಕ್ ಲೈನ್ ಮೇಲೆ, ರೀಲ್‌ನ ಸ್ಪೂಲ್ (ಲೈನ್ ಸುತ್ತಿರುವ ಉರುಳೆ) ಮೇಲೆ ಬೀಳುತ್ತದೆ. ಸ್ಪೂಲ್ ಒಮ್ಮೆಲೇ ಜೋರಾಗಿ ತಿರುಗಿ ಲೈನ್ ಗಂಟಾಗುತ್ತದೆ, ಸ್ಪೂಲ್ ನಿಂತುಬಿಡುತ್ತದೆ, ಲ್ಯೂರ್ ಮಾತ್ರ ಹೋಗುತ್ತಲೇ ಇರುತ್ತದೆ. ಲೈನ್ ಕಡಿಯುವುದು ಆ ಕ್ಷಣದಲ್ಲೇ.

ಮೀನು ಕಚ್ಚಿದ ಮೇಲೂ ಇದೇ ಕಥೆ. ಗ್ಲೈಡ್ ಬೈಟ್‌ನ ಹೊಟ್ಟೆಯ ಕೆಳಗೆ ಮೂರು ಮೊನೆಯ ಟ್ರೆಬಲ್ ಹುಕ್ ಇರುತ್ತವೆ, ಮೊನೆಗಳು ಸಣ್ಣವು. ದೊಡ್ಡ ಬಾಸ್ ನೀರಿಂದ ಮೇಲೆ ಬಂದು ತಲೆ ಕೊಡವಿದರೆ ಲ್ಯೂರ್‌ನ ತೂಕವೇ ಕೊಕ್ಕೆಯನ್ನು ಎಳೆದು ಕಿತ್ತುಬಿಡುತ್ತದೆ. ರಾಡ್ ಬಾಗುತ್ತಾ ಇದ್ದರೆ ಲೈನ್ ಸಡಿಲ ಆಗುವುದಿಲ್ಲ, ಬಾಯಿಯ ಚರ್ಮವೂ ಹರಿಯುವುದಿಲ್ಲ. ಗ್ಲೈಡ್ ಬೈಟ್‌ಗೆ ಮಾಡರೇಟ್ (ನಡುವಿನವರೆಗೆ ಬಾಗುವ) ಅಥವಾ ಮಾಡರೇಟ್ ಫಾಸ್ಟ್ (ಅದಕ್ಕಿಂತ ತುದಿ ಕಡೆ ಬಾಗುವ) ಆ್ಯಕ್ಷನ್ ಅನ್ನುವುದು ಇದಕ್ಕೇ. ಕಾರ್ಬನ್ ಜೊತೆ ಗ್ಲಾಸ್ ಫೈಬರ್ ಸೇರಿಸಿದ ರಾಡ್‌ಗಳು ಈ ಕೆಲಸಕ್ಕೆ ತುಂಬಾ ಹಿತ, ಆದರೆ ಕೈಗೆ ಸ್ವಲ್ಪ ಭಾರ.

ನಿಮ್ಮ ಮೆತ್ತನೆಯ 6 ಔನ್ಸ್‌ನದರ ವಿಷಯದಲ್ಲಿ ಒಂದು ಸಂಗತಿ ನೀವು ಬರೆದಿಲ್ಲ. ಅದರ ಬೆನ್ನಿನ ಮೇಲೆ ಒಂದೇ ದೊಡ್ಡ ಕೊಕ್ಕೆ ಇದೆಯಾ, ಇಲ್ಲ ಕೆಳಗೆ ಟ್ರೆಬಲ್ ಇದೆಯಾ? ಬೆನ್ನಿನ ಕೊಕ್ಕೆ ದಪ್ಪ ತಂತಿಯದು. ಅದನ್ನು ಮೀನಿನ ಬಾಯಿಗೆ ಇಳಿಸಲು ಒಳ್ಳೆಯ ಬಲ ಬೇಕು, ಅಂದರೆ ರಾಡ್‌ನ ಬುಡದ ಅರ್ಧ ಗಟ್ಟಿಯಾಗಿರಬೇಕು. ಟ್ರೆಬಲ್ ಆದರೆ ಮೇಲೆ ಹೇಳಿದ್ದೇ ಸಾಕು. ಎರಡಕ್ಕೂ ಒಂದೇ ರಾಡ್ ಬೇಕೆಂದರೆ ಮಾಡರೇಟ್ ಫಾಸ್ಟ್ ಹಿಡಿಯಿರಿ. ತುದಿ ಕಡೆ ಬಾಗುತ್ತದೆ, ಬುಡದಲ್ಲಿ ಬಲ ಇರುತ್ತದೆ.

ಉದ್ದ 7 ಅಡಿ 9 ಇಂಚಿನಿಂದ 8 ಅಡಿ. ಉದ್ದ ಜಾಸ್ತಿ ಆದಷ್ಟೂ ದೂರ ಹೋಗುತ್ತದೆ, ದೂರದಲ್ಲಿ ಕಚ್ಚಿದಾಗ ಸಡಿಲ ಲೈನ್ ಬೇಗ ಎಳೆದುಕೊಳ್ಳಬಹುದು. ಆದರೆ ನೀವು ಕುಳ್ಳಗಿದ್ದರೆ, ಅಥವಾ ಕಯಾಕ್‌ನಲ್ಲಿ ಕೂತು ಹಿಡಿಯುವವರಾದರೆ 8 ಅಡಿ ಕಷ್ಟ. ಗ್ಲೈಡ್ ಬೈಟ್ ಆಡಿಸುವಾಗ ತುದಿಯನ್ನು ಕೆಳಕ್ಕೆ ಹಿಡಿಯಬೇಕು, ಆಗ ಅದು ಪದೇ ಪದೇ ನೀರಿಗೆ ಬಡಿಯುತ್ತದೆ. ದಡದಲ್ಲಿ ಮರದ ಕೊಂಬೆಗಳು ಬಾಗಿರುವ ಜಾಗದಲ್ಲೂ ಉದ್ದ ರಾಡ್ ಬೀಸಲು ಆಗುವುದಿಲ್ಲ. ಅಂಥ ಕಡೆ 7 ಅಡಿ 6 ಇಂಚಿಗೇ ನಿಲ್ಲಿ.

ಹಿಡಿಯನ್ನು ಯಾರೂ ಗಮನಿಸುವುದಿಲ್ಲ, ಅದು ನನಗೆ ಬೇಸರ. ರೀಲ್ ಕೂರುವ ಜಾಗದಿಂದ ಬುಡದವರೆಗಿನ ಭಾಗ ಉದ್ದ ಇದ್ದರೆ ಮಾತ್ರ ಎರಡನೇ ಕೈಗೆ ಸನ್ನೆಯ ಬಲ ಸಿಗುತ್ತದೆ. ರೀಲ್ ಹಿಡಿದು ನಿಂತಾಗ ಬುಡ ಮೊಣಕೈಯನ್ನು ಸ್ವಲ್ಪ ದಾಟಿದರೆ ಸರಿ. ತೀರಾ ಉದ್ದವಾದರೆ ರಾಡನ್ನು ಆಚೀಚೆ ತಿರುಗಿಸುವಾಗ ಪಕ್ಕೆಗೆ, ಅಂಗಿಗೆ ಸಿಕ್ಕಿಕೊಳ್ಳುತ್ತದೆ.

ಅಂಗಡಿಯಲ್ಲಿ ಸಾಧ್ಯವಾದರೆ ನಿಮ್ಮ ರೀಲ್, ನಿಮ್ಮ ಲ್ಯೂರ್ ಎರಡನ್ನೂ ಒಯ್ಯಿರಿ. ಕೊಕ್ಕೆ ಬಿಚ್ಚಿಟ್ಟು ಹೋಗಿ. ಲೈನ್ ಪೋಣಿಸಿ ಲ್ಯೂರ್ ಕಟ್ಟಿ, ರಾಡನ್ನು ನೆಲಕ್ಕೆ ಸಮವಾಗಿ ಹಿಡಿದು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ. ತುದಿ ಕದಲದೆ ನಿಂತರೆ ಆ ಲ್ಯೂರ್‌ಗೆ ರಾಡ್ ಗಟ್ಟಿಯಾಯಿತು. ಜೋತುಬಿದ್ದು, ಕೈ ನಿಲ್ಲಿಸಿದ ಮೇಲೂ ಓಲಾಡುತ್ತಲೇ ಇದ್ದರೆ ಮೆದುವಾಯಿತು. ಮೇಲಿನ ಮೂರನೇ ಒಂದು ಭಾಗ ಸಲೀಸಾಗಿ ಬಾಗಿ, ಬೇಗ ನೆಟ್ಟಗಾಗುವುದನ್ನು ತೆಗೆದುಕೊಳ್ಳಿ. ಇಷ್ಟು ಮಾಡಿದರೆ ಬರೆದಿರುವ ಅಂಕಿಗಳು ಹೇಳದ್ದು ನಿಮ್ಮ ಕೈಗೇ ಗೊತ್ತಾಗುತ್ತದೆ.

ಮಸ್ಕಿ ಮೀನಿನ (ಉತ್ತರ ಅಮೆರಿಕದ ದೊಡ್ಡ ಬೇಟೆ ಮೀನು) ರಾಡ್ ಇದೆ, ಆಗುತ್ತಾ ಅಂತ ಕೆಲವರು ಕೇಳುತ್ತಾರೆ. ಆಗುತ್ತದೆ. ದಕ್ಷಿಣ ಕ್ಯಾಲಿಫೋರ್ನಿಯಾದ ಕೆರೆಗಳಲ್ಲಿ, ತಂದು ಬಿಟ್ಟ ರೇನ್‌ಬೋ ಟ್ರೌಟ್ ತಿಂದು ಬೆಳೆದ ಬಾಸ್‌ಗಳಿಗೆ ಈ ದೊಡ್ಡ ಲ್ಯೂರ್‌ಗಳು ಶುರುವಾದಾಗ, ಜನ ಬೇರೆ ಮೀನಿಗೆ ಮಾಡಿದ ರಾಡ್‌ಗಳಲ್ಲೇ ಎಸೆಯುತ್ತಿದ್ದರು. ಆದರೆ ಮಸ್ಕಿ ರಾಡ್‌ಗಳು ಹೆಚ್ಚಾಗಿ ಗಟ್ಟಿ. ಕೆಳಗಿನ ಮಿತಿ 3 ಔನ್ಸ್‌ಗಿಂತ ಮೇಲಿದ್ದರೆ ನಿಮ್ಮ ಗ್ಲೈಡ್ ಬೈಟ್‌ಗೆ ಬೇಡ.

ರೀಲ್ 300 ಅಥವಾ 400 ಸೈಜಿನದು ಇರಲಿ, ಜಿಗ್‌ಗೆ ಬಳಸುವ ಸಣ್ಣ ರೀಲ್ ಬೇಡ. ದಪ್ಪ ಲೈನ್ ಅದರಲ್ಲಿ ಸಾಕಷ್ಟು ಹಿಡಿಯುವುದಿಲ್ಲ. ಲೈನ್ 20ರಿಂದ 25 ಪೌಂಡ್‌ನ ಮಾನೊ (ಒಂದೇ ಎಳೆಯ ಲೈನ್), ಬ್ರೇಡ್ (ಹಲವು ಎಳೆ ಹೆಣೆದ ಲೈನ್) ಆದರೆ 65 ಪೌಂಡ್‌ಗಿಂತ ಕಡಿಮೆ ಬೇಡ. ಗ್ಲೈಡ್ ಬೈಟ್‌ಗೆ ನನ್ನ ಮತ ಮಾನೊಗೆ. ಅದು ಸ್ವಲ್ಪ ಹಿಗ್ಗುತ್ತದೆ, ಕೊಕ್ಕೆ ಉಳಿಯಲು ಅದೂ ಒಂದು ಸಹಾಯ.

ಆ 6 ಔನ್ಸ್‌ನದರ ಕೊಕ್ಕೆ ಯಾವುದು, ನೀವು ದಡದಿಂದ ಹಿಡಿಯುತ್ತೀರಾ ದೋಣಿಯಿಂದಾ ಅಂತ ಬರೆಯಿರಿ. ಬೆನ್ನಿನ ಕೊಕ್ಕೆಯದಾಗಿ, ಅದನ್ನೇ ಜಾಸ್ತಿ ಎಸೆಯುವವರಾದರೆ 4ರಿಂದ 10 ಔನ್ಸ್‌ನ ರಾಡ್ ನೋಡಿ ಅಂತ ಹೇಳುತ್ತೇನೆ, ಗ್ಲೈಡ್ ಬೈಟ್‌ಗೆ ಆಮೇಲೆ ಬೇರೆಯದು ತೆಗೆದುಕೊಂಡರಾಯಿತು.