ನಾರ್ಮಲ್ ಬಂದಿದೆ, ಮಾತ್ರೆ ಬಿಡಬಹುದಾ?

ಓದುಗರ ಪತ್ರ: ನಾನು ಬಿ.ಎಸ್ಸಿ. ನರ್ಸಿಂಗ್ ನಾಲ್ಕನೇ ಸೆಮಿಸ್ಟರ್ ವಿದ್ಯಾರ್ಥಿನಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಕೊಲೆಸ್ಟ್ರಾಲ್ ಒಂದು ಪಾಠ, ರಕ್ತ ಹೆಪ್ಪುಗಟ್ಟುವುದು ಇನ್ನೊಂದು, ಇಮ್ಯುನಿಟಿ ಮತ್ತೊಂದು. ಮೂರನ್ನೂ ಬಾಯಿಪಾಠ ಮಾಡಿದ್ದೇನೆ. ಆದರೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿಕೊಂಡ ಹಿರಿಯರೊಬ್ಬರು ವಾರ್ಡ್‌ನಲ್ಲಿ, ‘ಕೊಲೆಸ್ಟ್ರಾಲ್ ನಾರ್ಮಲ್ ಬಂದಿದೆ ಕಣಮ್ಮ, ಇನ್ನೂ ಯಾಕೆ ಇಷ್ಟು ಮಾತ್ರೆ, ಬಿಡಬಹುದಾ?’ ಅಂದಾಗ ಉತ್ತರ ಗೊತ್ತಾಗದೆ ‘ಡಾಕ್ಟರನ್ನ ಕೇಳಿ’ ಅಂದೆ. ಈ ಮೂರು ಪಾಠಗಳಿಗೆ ಏನಾದರೂ ಸಂಬಂಧ ಇದೆಯಾ? ಇನ್ನೊಂದು ಸಣ್ಣ ಪ್ರಶ್ನೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಎನಾಕ್ಸಪಾರಿನ್ ಇಂಜೆಕ್ಷನ್ನಿನ ಸಿರಿಂಜಿನಲ್ಲಿರುವ ಗಾಳಿಗುಳ್ಳೆಯನ್ನು ಹೊರಹಾಕಬೇಡಿ ಅಂತಾರೆ, ಯಾಕೆ?

ಸಂಪಾದಕರ ಉತ್ತರ:

ಸಂಬಂಧ ಖಂಡಿತ ಇದೆ. ನಿಮ್ಮ ಮೂರೂ ಪಾಠ ನಡೆಯುವುದು ಒಂದೇ ಜಾಗದಲ್ಲಿ, ಆ ಹಿರಿಯರ ಹೃದಯಕ್ಕೆ ರಕ್ತ ಒಯ್ಯುವ ನಾಳದ ಗೋಡೆಯೊಳಗೆ. ಸಿಲೆಬಸ್ ಅನುಕೂಲಕ್ಕೆ ಅಂತ ಬೇರೆ ಬೇರೆ ಮಾಡಿದೆ, ಆಮೇಲೆ ಕೂಡಿಸಿ ಹೇಳೋರು ಯಾರೂ ಇಲ್ಲ. ಇದು ನನಗೆ ನಿಜಕ್ಕೂ ಬೇಜಾರಿನ ವಿಷಯ. ಯಾಕಂದ್ರೆ ‘ಬಿಡಬಹುದಾ’ ಅನ್ನುವ ಪ್ರಶ್ನೆಯನ್ನು ರೌಂಡ್ಸ್‌ನಲ್ಲಿ ಕೇಳೋಕೆ ಜನರಿಗೆ ಸಂಕೋಚ. ಡಾಕ್ಟರ್ ಹೋದ ಮೇಲೆ, ಮಾತ್ರೆ ಕೈಗೆ ಕೊಡುವ ಸಿಸ್ಟರ್ ಹತ್ತಿರ ಮೆಲ್ಲಗೆ ಕೇಳುತ್ತಾರೆ, ಅಲ್ಲಿ ಕಾರಣ ಸಿಗಲಿಲ್ಲ ಅಂದ್ರೆ ಮನೆಗೆ ಹೋಗಿ ತಾವೇ ಬಿಟ್ಟುಬಿಡುತ್ತಾರೆ. ಮಾತ್ರೆ ನಿಲ್ಲಿಸುವ ತೀರ್ಮಾನ ಡಾಕ್ಟರದ್ದೇ. ಯಾಕೆ ನಿಲ್ಲಿಸಬಾರದು ಅಂತ ಹೇಳೋದು ಮಾತ್ರ ನಿಮ್ಮದೂ ಕೆಲಸ.

ಕೊಲೆಸ್ಟ್ರಾಲ್‌ನಿಂದ ಶುರು ಮಾಡೋಣ. ಅದು ವಿಷ ಅಲ್ಲ. ಜೀವಕೋಶದ ಪೊರೆಗೆ ಅದು ಬೇಕು, ಪಿತ್ತರಸಕ್ಕೆ ಬೇಕು, ಎಷ್ಟೋ ಹಾರ್ಮೋನುಗಳಿಗೆ ಬೇಕು, ಹಾಗಾಗಿ ನಮ್ಮ ದೇಹ ತನಗೆ ಬೇಕಾದ ಬಹುಪಾಲನ್ನು ತಾನೇ ಮಾಡಿಕೊಳ್ಳುತ್ತದೆ. ತೊಂದರೆ ಶುರುವಾಗುವುದು ಅದನ್ನು ಹೊತ್ತ ಎಲ್‌ಡಿಎಲ್ ಕಣಗಳು ರಕ್ತದಲ್ಲಿ ಜಾಸ್ತಿಯಾಗಿ, ವರ್ಷಗಟ್ಟಲೆ ನಾಳದ ಒಳಪದರ ದಾಟಿ ಗೋಡೆಯೊಳಗೆ ಸೇರಿಕೊಂಡಾಗ. ಅಲ್ಲಿ ಅವು ಆಕ್ಸಿಡೈಸ್ ಆಗುತ್ತವೆ. ಈಗ ಇಮ್ಯುನಿಟಿ ಪಾಠ ಬಂತು ನೋಡಿ: ಹೊರಗಿನದ್ದೇನೋ ಒಳಗೆ ನುಗ್ಗಿದೆ ಅನ್ನುವಂತೆ ಬಿಳಿ ರಕ್ತಕಣಗಳು ಧಾವಿಸುತ್ತವೆ, ಮ್ಯಾಕ್ರೋಫೇಜ್ ಆಗಿ ಎಲ್‌ಡಿಎಲ್ ನುಂಗುತ್ತವೆ, ನುಂಗಿ ನುಂಗಿ ಕೊಬ್ಬು ತುಂಬಿದ ಫೋಮ್ ಸೆಲ್ ಆಗಿ ಅಲ್ಲೇ ಸಾಯುತ್ತವೆ. ಸತ್ತ ಕೋಶಗಳ ರಾಶಿ ಇನ್ನಷ್ಟು ಬಿಳಿ ರಕ್ತಕಣಗಳನ್ನು ಕರೆಯುತ್ತದೆ. ಹೀಗೆ ಗೋಡೆಯೊಳಗೆ ಬೆಳೆಯುವ ಈ ರಾಶಿಯೇ ಪ್ಲಾಕ್. ಅದು ಸುಮ್ನೆ ಮೆತ್ತಿಕೊಂಡ ಕೊಬ್ಬಲ್ಲ, ಆರದೆ ಉಳಿದ ಉರಿಯೂತ.

ಇದಕ್ಕೆ 2017ರಲ್ಲಿ ಒಳ್ಳೆಯ ಪುರಾವೆ ಸಿಕ್ಕಿತು. ಕ್ಯಾಂಟೋಸ್ ಎಂಬ ಅಧ್ಯಯನದಲ್ಲಿ, ಮೊದಲೇ ಹಾರ್ಟ್ ಅಟ್ಯಾಕ್ ಆಗಿದ್ದ 10,000ಕ್ಕೂ ಹೆಚ್ಚು ಜನರಲ್ಲಿ ಕನಾಕಿನುಮ್ಯಾಬ್ ಎಂಬ ಇಂಜೆಕ್ಷನ್ ಪರೀಕ್ಷಿಸಿದರು. ಅದು ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಉರಿಯೂತದ ಸಂದೇಶವಾಹಕವನ್ನು ತಡೆಯುತ್ತದೆ, ಎಲ್‌ಡಿಎಲ್ ಇಳಿಸುವುದಿಲ್ಲ. ಆದರೂ ಮತ್ತೆ ಹಾರ್ಟ್ ಅಟ್ಯಾಕ್ ಆಗುವುದು ಕಡಿಮೆಯಾಯಿತು. ಜೊತೆಗೆ ಸೋಂಕಿನಿಂದ ಸಾಯುವವರು ಸ್ವಲ್ಪ ಹೆಚ್ಚಾದರು. ನಾಳವನ್ನು ಕೆಡಿಸುವ ಇಮ್ಯುನಿಟಿಯೇ ನಮ್ಮನ್ನು ಕಾಯುವುದೂ ಹೌದು ಅಂತ ಒಂದೇ ಅಧ್ಯಯನ ಎರಡೂ ಕಡೆಯಿಂದ ತೋರಿಸಿತು. ಆ ಮದ್ದು ಹೃದಯದ ಕಾಯಿಲೆಗೆ ಬಳಕೆಗೆ ಬರಲಿಲ್ಲ.

ಈಗ ಮೂರನೇ ಪಾಠ. ಪ್ಲಾಕ್‌ನ ಮೇಲಿನ ಪದರವನ್ನು ಈ ಉರಿಯೂತ ಸವೆಸುತ್ತಾ ಹೋಗಿ ಹಾಲಿನ ಕೆನೆಯಷ್ಟು ತೆಳ್ಳಗೆ ಮಾಡುತ್ತದೆ. ಒಂದು ದಿನ ಅದು ಹರಿಯುತ್ತದೆ. ಒಳಗಿನದ್ದು ರಕ್ತಕ್ಕೆ ತಾಗಿದ್ದೇ ತಡ, ಗಾಯ ಆಗಿದೆ ಅಂದುಕೊಂಡು ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳುತ್ತವೆ, ಥ್ರಾಂಬಾಕ್ಸೇನ್, ಎಡಿಪಿ ಎಂಬ ರಾಸಾಯನಿಕಗಳನ್ನು ಹೊರಬಿಟ್ಟು ಜೊತೆಯವನ್ನು ಕರೆಯುತ್ತವೆ, ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳು ಬಲೆ ಹೆಣೆಯುತ್ತವೆ, ನಾಳ ಮುಚ್ಚುತ್ತದೆ. ಕೈ ಕುಯ್ದುಕೊಂಡಾಗ ನಮ್ಮನ್ನು ಉಳಿಸುವುದೂ ಇದೇ ಕೆಲಸ.

ಇಷ್ಟು ತಲೆಯಲ್ಲಿ ಕೂತರೆ ಮಾತ್ರೆಗಳನ್ನು ಬಾಯಿಪಾಠ ಮಾಡುವುದೇ ಬೇಡ. ಆಸ್ಪಿರಿನ್ ಥ್ರಾಂಬಾಕ್ಸೇನ್ ದಾರಿ ಮುಚ್ಚುತ್ತದೆ, ಕ್ಲೋಪಿಡೋಗ್ರೆಲ್ ಎಡಿಪಿ ದಾರಿ. ಎರಡು ದಾರಿ, ಅದಕ್ಕೇ ಎರಡು ಮಾತ್ರೆ. ಪ್ಲೇಟ್‌ಲೆಟ್‌ಗೆ ನ್ಯೂಕ್ಲಿಯಸ್ ಇಲ್ಲ, ಥ್ರಾಂಬಾಕ್ಸೇನ್ ಮಾಡುವ ಎಂಜೈಮನ್ನು ಆಸ್ಪಿರಿನ್ ಕೆಡಿಸಿದರೆ ಅದು ಹೊಸದಾಗಿ ಮಾಡಿಕೊಳ್ಳಲಾರದು, ಹಾಗಾಗಿ ಆಸ್ಪಿರಿನ್ ತಾಗಿದ ಪ್ಲೇಟ್‌ಲೆಟ್ ತನ್ನ 7ರಿಂದ 10 ದಿನದ ಆಯಸ್ಸು ಪೂರ್ತಿ ಹಾಗೇ ಇರುತ್ತದೆ. ಆದರೆ ದಿನಾ ಹೊಸವು ಬರುತ್ತಲೇ ಇರುತ್ತವಲ್ವಾ, ಅದಕ್ಕೇ ಮಾತ್ರೆಯೂ ದಿನಾ ಬೇಕು.

ಹೆಪಾರಿನ್, ವಾರ್ಫರಿನ್, ನಮ್ಮ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಕಾಣುವ ಆಸಿಟ್ರೋಮ್, ಇವುಗಳ ಗುಂಪೇ ಬೇರೆ. ಇವು ತಡೆಯುವುದು ಫೈಬ್ರಿನ್ ಕಡೆಯ ಕೆಲಸವನ್ನು. ರಕ್ತ ನಿಂತಲ್ಲಿ, ನಿಧಾನ ಹರಿಯುವಲ್ಲಿ, ಅಂದ್ರೆ ಕಾಲಿನ ಸಿರೆ, ಲಯ ತಪ್ಪಿದ ಹೃದಯದ ಮೇಲ್ಕೋಣೆ, ಇಂಥ ಕಡೆ ಕಟ್ಟುವ ಹೆಪ್ಪಿನಲ್ಲಿ ಫೈಬ್ರಿನ್ ಜಾಸ್ತಿ. ಜೋರಾಗಿ ಹರಿಯುವ ಅಪಧಮನಿಯ ಹೆಪ್ಪಿನಲ್ಲಿ ಪ್ಲೇಟ್‌ಲೆಟ್ ಜಾಸ್ತಿ. ಇದೊಂದು ಗೊತ್ತಿದ್ದರೆ ಯಾವ ರೋಗಿಗೆ ಯಾವ ಗುಂಪು ಅನ್ನುವ ಗೊಂದಲ ಬಹುಮಟ್ಟಿಗೆ ಹೋಗುತ್ತದೆ. ಹೆಪಾರಿನ್‌ಗೆ ಎಪಿಟಿಟಿ ಪರೀಕ್ಷೆ ಮತ್ತು ಮಾರುಮದ್ದಾಗಿ ಪ್ರೋಟಮಿನ್, ವಾರ್ಫರಿನ್‌ಗೆ ಐಎನ್‌ಆರ್ ಪರೀಕ್ಷೆ ಮತ್ತು ಮಾರುಮದ್ದಾಗಿ ವಿಟಮಿನ್ ಕೆ, ಇದು ನಿಮಗೆ ಗೊತ್ತೇ ಇದೆ.

ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ, ಸ್ಟ್ಯಾಟಿನ್ ವಿಷಯಕ್ಕೆ ಬರೋಣ. ಜಪಾನಿನ ಅಕಿರಾ ಎಂಡೋ 1970ರ ದಶಕದಲ್ಲಿ ಸಾವಿರಾರು ಬಗೆಯ ಬೂಸ್ಟು ಜಾಲಾಡಿ, ಪೆನಿಸಿಲಿಯಂ ಜಾತಿಯ ಒಂದರಲ್ಲಿ ಮೊದಲ ಸ್ಟ್ಯಾಟಿನ್ ಕಂಡುಹಿಡಿದರು. 1987ರಲ್ಲಿ ಅಮೆರಿಕದಲ್ಲಿ ಲೋವಾಸ್ಟ್ಯಾಟಿನ್‌ಗೆ ಒಪ್ಪಿಗೆ ಸಿಕ್ಕಿತು. ಲಿವರ್ ಕೊಲೆಸ್ಟ್ರಾಲ್ ಮಾಡುವ ಎಚ್‌ಎಂಜಿ-ಕೋಎ ರಿಡಕ್ಟೇಸ್ ಎಂಜೈಮನ್ನು ಇದು ತಡೆಯುತ್ತದೆ. ತನಗೇ ಸಾಲದಾದಾಗ ಲಿವರ್ ತನ್ನ ಮೈಮೇಲೆ ಎಲ್‌ಡಿಎಲ್ ರಿಸೆಪ್ಟರ್‌ಗಳನ್ನು ಹೆಚ್ಚಿಸಿಕೊಂಡು ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುತ್ತದೆ. ಮಾತ್ರೆ ಬಿಟ್ಟರೆ ಕೆಲವೇ ವಾರಗಳಲ್ಲಿ ಎಲ್ಲ ಮೊದಲಿನಂತೆ. ರಿಪೋರ್ಟ್ ನಾರ್ಮಲ್ ಬಂದಿರುವುದು ಮಾತ್ರೆ ನುಂಗುತ್ತಿರುವುದಕ್ಕೇ. ಇನ್ನೂ ಒಂದು ಮಾತು: ಲ್ಯಾಬ್ ರಿಪೋರ್ಟಿನ ಬಲಗಡೆ ಅಚ್ಚಾಗಿರುವ ನಾರ್ಮಲ್ ಅಂಕಿ ಕಾಯಿಲೆ ಇಲ್ಲದವರಿಗೆ. ಹಾರ್ಟ್ ಅಟ್ಯಾಕ್ ಆದವರ ಎಲ್‌ಡಿಎಲ್ 70ಕ್ಕಿಂತ ಕೆಳಗೆ, ಈಗೀಗ 55ಕ್ಕಿಂತಲೂ ಕೆಳಗೆ ಇರಲಿ ಅನ್ನುತ್ತಾರೆ ಹೃದ್ರೋಗ ತಜ್ಞರು.

ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಸ್ಟೆಂಟ್. ಬರೀ ಲೋಹದ ಜಾಲರಿ ಹಾಕುತ್ತಿದ್ದ ಕಾಲದಲ್ಲಿ ನಾಳದ ಸ್ನಾಯುಕೋಶಗಳು ಬೆಳೆದು ಬೆಳೆದು ದಾರಿ ಮತ್ತೆ ಕಿರಿದಾಗುತ್ತಿತ್ತು. ಅದಕ್ಕೆ ಸಿಕ್ಕ ಉತ್ತರ ಸಿರೋಲಿಮಸ್. ಈಸ್ಟರ್ ದ್ವೀಪದ ಮಣ್ಣಿನ ಬ್ಯಾಕ್ಟೀರಿಯಾದಿಂದ ಬಂದ ಮದ್ದು ಅದು, 1999ರಲ್ಲಿ ಕಿಡ್ನಿ ಕಸಿ ಮಾಡಿಸಿಕೊಂಡವರ ಇಮ್ಯುನಿಟಿ ತಗ್ಗಿಸಲು ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು. ಕೋಶ ಬೆಳೆಯದಂತೆ ತಡೆಯುವ ಅದನ್ನು ಸ್ಟೆಂಟ್‌ಗೆ ಲೇಪಿಸಿದರು. ಈಗ ಹೆಚ್ಚಾಗಿ ಹಾಕುವುದು ಅದರ ದಾಯಾದಿಗಳಾದ ಎವರೋಲಿಮಸ್ ಮುಂತಾದವನ್ನು ಲೇಪಿಸಿದ ಸ್ಟೆಂಟ್. ಸ್ನಾಯುಕೋಶ ಬೆಳೆಯದಂತೆ ತಡೆಯುವ ಮದ್ದು ಲೋಹದ ಮೇಲೆ ಹೊಸ ಒಳಪದರ ಬೆಳೆಯುವುದನ್ನೂ ನಿಧಾನ ಮಾಡುತ್ತದೆ. ಅಲ್ಲಿಯವರೆಗೆ ಬೆತ್ತಲೆ ಲೋಹ ರಕ್ತಕ್ಕೆ ತಾಗುತ್ತಿರುತ್ತದೆ, ಪ್ಲೇಟ್‌ಲೆಟ್ ಅಂಟಲು ಕಾಯುತ್ತಿರುತ್ತದೆ. ಹಾರ್ಟ್ ಅಟ್ಯಾಕ್ ಆದವರಿಗೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡೂ ಮಾತ್ರೆಯನ್ನು ಸಾಮಾನ್ಯವಾಗಿ ಒಂದು ವರ್ಷ ಕೊಡುವುದಕ್ಕೆ ಇದೂ ಒಂದು ಕಾರಣ. ನಡುವೆ ನಿಲ್ಲಿಸಿದರೆ ಸ್ಟೆಂಟ್ ಒಳಗೇ ಹೆಪ್ಪುಗಟ್ಟಬಹುದು, ಜೀವ ಹೋಗಬಹುದು.

ಇದನ್ನೇ ಮನೆಮಾತಿನಲ್ಲಿ ಹೇಳಿ: ‘ನಿಮ್ಮ ನಾಳದೊಳಗೆ ಲೋಹದ ಜಾಲರಿ ಇದೆ. ಅದರ ಮೇಲೆ ಇನ್ನೂ ಚರ್ಮ ಕೂತಿಲ್ಲ. ಈ ಎರಡು ಮಾತ್ರೆ ಅಲ್ಲಿ ರಕ್ತ ಗಟ್ಟಿಯಾಗದಂತೆ ನೋಡಿಕೊಳ್ಳುತ್ತವೆ. ಮೂರನೆಯದು, ಕೊಲೆಸ್ಟ್ರಾಲ್ ಮಾತ್ರೆ, ನಾಳದ ಗೋಡೆ ಮತ್ತೆ ಕೆಡದಂತೆ ನೋಡಿಕೊಳ್ಳುತ್ತದೆ. ಹಲ್ಲು ಕೀಳಿಸೋಕೆ ಹೋದರೂ ಸ್ಟೆಂಟ್ ಇದೆ ಅಂತ ಹೇಳಿ, ಹೃದಯದ ಡಾಕ್ಟರನ್ನು ಕೇಳದೆ ಯಾವುದನ್ನೂ ನಿಲ್ಲಿಸಬೇಡಿ.’ ಮಲ ಟಾರ್‌ನಂತೆ ಕಪ್ಪಾದರೆ, ಮೈಕೈ ವಿಪರೀತ ನೋವಾಗಿ ಮೂತ್ರ ಕಂದಾದರೆ ತಡ ಮಾಡದೆ ಬರಲು ಹೇಳಿ. ಮಂಡಿನೋವಿಗೆ ಮೆಡಿಕಲ್ ಶಾಪಿನಲ್ಲಿ ಐಬುಪ್ರೊಫೆನ್ ತಗೊಂಡರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ, ಮೇಲಾಗಿ ಅದು ಆಸ್ಪಿರಿನ್ ಕೂರಬೇಕಾದ ಜಾಗವನ್ನೇ ಹಿಡಿದುಕೊಳ್ಳುತ್ತದೆ. ಗ್ಯಾಸ್ಟ್ರಿಕ್‌ಗೆ ಒಮೆಪ್ರಜೋಲ್ ಕ್ಲೋಪಿಡೋಗ್ರೆಲ್‌ನ ಕೆಲಸ ತಗ್ಗಿಸುತ್ತದೆ, ಪ್ಯಾಂಟೊಪ್ರಜೋಲ್ ವಾಸಿ. ಅಟೋರ್ವಾಸ್ಟ್ಯಾಟಿನ್ ಜೊತೆ ಗ್ರೇಪ್‌ಫ್ರೂಟ್ ಬೇಡ ಅನ್ನುತ್ತದೆ ನಿಮ್ಮ ಪುಸ್ತಕ; ನಮ್ಮ ದೇವನಹಳ್ಳಿ ಕಡೆಯ ಚಕ್ಕೋತ ಅದೇ ವಂಶದ್ದು, ಅದರಲ್ಲೂ ಅದೇ ಬಗೆಯ ಅಂಶಗಳಿವೆ, ಆ ಎಚ್ಚರಿಕೆಯನ್ನು ಇದಕ್ಕೂ ಹೇಳಿ.

ಇಮ್ಯುನಿಟಿ ಮತ್ತು ಹೆಪ್ಪು ಮುಖಾಮುಖಿಯಾಗುವ ಇನ್ನೊಂದು ಸಂಗತಿಯನ್ನು ವಾರ್ಡ್‌ನಲ್ಲಿ ಮೊದಲು ಗಮನಿಸುವುದು ನರ್ಸ್‌ಗಳೇ. ಹೆಪಾರಿನ್ ಶುರುವಾಗಿ 5ರಿಂದ 10 ದಿನಕ್ಕೆ ಕೆಲವರಲ್ಲಿ ಪ್ಲೇಟ್‌ಲೆಟ್ ಸಂಖ್ಯೆ ಅರ್ಧಕ್ಕಿಳಿಯುತ್ತದೆ. ಹೆಪಾರಿನ್ ಮತ್ತು ಪ್ಲೇಟ್‌ಲೆಟ್‌ನ ಒಂದು ಪ್ರೋಟೀನ್ ಕೂಡಿದ ಜೋಡಿಯ ವಿರುದ್ಧ ದೇಹ ಆ್ಯಂಟಿಬಾಡಿ ಮಾಡಿರುತ್ತದೆ, ಅದು ಪ್ಲೇಟ್‌ಲೆಟ್‌ಗಳನ್ನು ಕೆರಳಿಸುತ್ತದೆ. ಸಂಖ್ಯೆ ಇಳಿದಿದೆ ಅಂದ್ರೆ ರಕ್ತಸ್ರಾವ ಅಂತ ಹೆದರುತ್ತೇವೆ, ಇಲ್ಲಿ ಆಗುವುದು ಹೆಪ್ಪು. ಕೂಡಲೇ ಡಾಕ್ಟರ್‌ಗೆ ತಿಳಿಸಿ. ಹೆಪಾರಿನ್ ನಿಲ್ಲಿಸಿ ಅಂದಾಗ ಐವಿ ಲೈನ್‌ಗೆ ಹಾಕುವ ಹೆಪಾರಿನ್ ಫ್ಲಶ್ ಕೂಡ ಅದರಲ್ಲಿ ಸೇರಿದೆ, ಇದನ್ನು ಮರೆಯುವುದು ಸುಲಭ.

ಇನ್ನು ನಿಮ್ಮ ಸಣ್ಣ ಪ್ರಶ್ನೆ. ಕಂಪನಿಯೇ ತುಂಬಿ ಕಳಿಸಿದ ಎನಾಕ್ಸಪಾರಿನ್ ಸಿರಿಂಜಿನಲ್ಲಿ ಆ ಗುಳ್ಳೆ ಬೇಕೆಂದೇ ಬಿಟ್ಟಿರುತ್ತಾರೆ. 40 ಮಿಲಿಗ್ರಾಂ ಸಿರಿಂಜಿನಲ್ಲಿ ಮದ್ದು ಇರುವುದು ಬರೀ 0.4 ಮಿಲಿಲೀಟರ್. ಗುಳ್ಳೆ ತಳ್ಳಲು ಹೋದರೆ ಒಂದು ಹನಿ ಮದ್ದು ಹೊರಗೆ ಬಿತ್ತು ಅಂತಲೇ, ಅಷ್ಟಕ್ಕೇ ಡೋಸ್ ಕಡಿಮೆಯಾಯಿತು. ಸೂಜಿ ಕೆಳಗೆ ಮಾಡಿ ಚುಚ್ಚಿದಾಗ ಗುಳ್ಳೆ ಮೇಲೆ ನಿಂತು, ಸೂಜಿಯಲ್ಲಿ ಉಳಿಯುವ ಕೊನೆಯ ಹನಿಯನ್ನೂ ಒಳಕ್ಕೆ ತಳ್ಳುತ್ತದೆ. ಪೂರ್ತಿ ಸಿರಿಂಜ್ ಕೊಡದೆ ಕಡಿಮೆ ಡೋಸ್ ಕೊಡುವಾಗ ಮಾತ್ರ ಹೆಚ್ಚುವರಿ ಮದ್ದನ್ನು ಮೊದಲೇ ಹೊರಹಾಕಬೇಕು. ಹೊಟ್ಟೆಯ ಪಕ್ಕದಲ್ಲಿ, ಹೊಕ್ಕುಳಿಂದ 5 ಸೆಂಟಿಮೀಟರ್ ದೂರ, ಚರ್ಮದ ಮಡಿಕೆ ಹಿಡಿದು ನೆಟ್ಟಗೆ ಚುಚ್ಚಿ. ಸೂಜಿ ಹೊರಗೆ ಬರುವವರೆಗೆ ಮಡಿಕೆ ಬಿಡಬೇಡಿ. ಆಮೇಲೆ ಉಜ್ಜಬೇಡಿ, ಉಜ್ಜಿದರೆ ಕಂದುಗಟ್ಟುತ್ತದೆ. ಇವತ್ತು ಎಡಗಡೆ ಕೊಟ್ಟಿದ್ದರೆ ನಾಳೆ ಬಲಗಡೆ, ಯಾವ ಕಡೆ ಕೊಟ್ಟಿರಿ ಅಂತ ಚಾರ್ಟ್‌ನಲ್ಲಿ ಬರೆದಿಡಿ.